ಸತ್ತವನ ತಕರಾರು

ಸರಕಾರಿ ಅಭಿಯೋಜಕಿಯನ್ನು ಕೆಲಸದಿಂದ ತೆಗೆದುಹಾಕಿದ ದಿನ ಮಾಂಸದ ಕಾರ್ಖಾನೆಯ ಮಾಲೀಕ ಗೊಗು ಸ್ತಾಂಚು ನಮ್ಮ ಕೇರಿಗೆ ಸಾಸೇಜು ಕಳಿಸಿದ.

ಒಂದು ಬಿಳಿ ವ್ಯಾನು ಬಂತು. ಅದರ ಮೈಮೇಲೆ ನಗುವ ಹಂದಿಯ ಚಿತ್ರ. ತನ್ನನ್ನು ಕೊಯ್ದು ಮಾರುವವನ ವ್ಯಾನಿನ ಮೇಲೆ ಕೂತು ನಗುವ ಪ್ರಾಣಿ ಲೋಕದಲ್ಲಿ ಹಂದಿಯೊಂದೇ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಅಂದು ನಮ್ಮವರು ಸಾಲುಗಟ್ಟಿ ನಿಂತದ್ದನ್ನು ನೋಡಿ ಆ ಅಭಿಪ್ರಾಯವನ್ನು ತಿದ್ದಿಕೊಂಡೆ.

ಡ್ರೈವರ್ ಹಿಂದಿನ ಬಾಗಿಲು ತೆರೆದು ಕೂಗಿದ: "ಬನ್ರಪ್ಪಾ ಬನ್ನಿ! ಯಜಮಾನ್ರು ಖುಷಿಯಾಗಿದಾರೆ. ಮನೆಗೊಂದು ಸರ!"

"ಯಾಕಪ್ಪ ಖುಷಿ? ಹೆಂಡ್ತಿ ಓಡಿಹೋದ್ಲಾ?" ಎಂದು ಕೇಳಿದವಳು ಮುದುಕಿ ಸವೇತಾ. ಬಾಯಲ್ಲಿ ಹಲ್ಲಿಲ್ಲ, ನಾಲಿಗೆ ಮಾತ್ರ ಪೂರ್ತಿ ಇದೆ.

"ಟೀವಿ ನೋಡ್ಲಿಲ್ವಾ ಅಜ್ಜಿ? ಆ ಪ್ರಾಸಿಕ್ಯೂಟರಮ್ಮನ್ನ ಮಂತ್ರಿಗಳು ಮನೆಗೆ ಕಳಿಸಿದ್ರು."

ಸಾಲು ಒಂದು ಕ್ಷಣ ಕದಲಿತು. ಆಮೇಲೆ ಮತ್ತೆ ನೆಟ್ಟಗಾಯಿತು. ಹಸಿದವರ ಸಾಲು ಬಹಳ ಹೊತ್ತು ವಕ್ರವಾಗಿರುವುದಿಲ್ಲ.

ಝಂಬೀಲಾ ತನ್ನ ಸರದಿ ಬರುವವರೆಗೆ ನಿಂತಳು. ಸಾಸೇಜಿನ ಸರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅದನ್ನು ಡ್ರೈವರನ ಕೊರಳಿಗೆ ಹಾಕಿದಳು.

"ಚೆನ್ನಾಗ್ ಕಾಣ್ತೀಯ, ಮದುವಣಿಗ. ಹೋಗಿ ನಿನ್ ಯಜಮಾನಂಗೆ ಹೇಳು. ನನ್ ಗಂಡ ಸತ್ತು ಬಿದ್ದಿದ್ದು ಇದೇ ಕರುಳಿನ ರಾಶಿ ಮೇಲೆ. ಇದನ್ನ ತುಂಬಿ, ಹೊಗೆ ಹಾಕಿ, ನನ್ ಮಕ್ಕಳ ಬಾಯಿಗೆ ಇಡ್ತೀಯಾ?"

ಡ್ರೈವರ್ ಸರ ತೆಗೆಯಲು ಮರೆತು ಹಾಗೆಯೇ ವ್ಯಾನು ಹತ್ತಿದ. ಊರಿನ ಪೇಟೆಬೀದಿಯಲ್ಲಿ ಆತ ಸಾಸೇಜು ತೊಟ್ಟು ವ್ಯಾನು ಓಡಿಸಿದ್ದನ್ನು ಕಂಡವರಿದ್ದಾರೆ.

ಝಂಬೀಲಾ ನನ್ನ ತಮ್ಮನ ಸೊಸೆ. ಸತ್ತವನು ರೊಮಿಕಾ, ನನ್ನ ತಮ್ಮನ ಮಗ. ನಮ್ಮ ಕೇರಿಗೆ ರೀಪಾ ಎಂದು ಹೆಸರು. ಅದು ಊರಿನ ಕೆಳಗಿನ ಕೊರಕಲು. ಊರಿನ ಚರಂಡಿಗಳೆಲ್ಲ ಇಳಿದು ಬರುವುದು ಇಲ್ಲಿಗೆ; ಊರಿನ ಜನ ಮಾತ್ರ ಚುನಾವಣೆಗೊಮ್ಮೆ ಇಳಿದು ಬರುತ್ತಾರೆ. ಅವರು ನಮ್ಮನ್ನು ತ್ಸಿಗಾನರು, ಎಂದರೆ ಜಿಪ್ಸಿಗಳು, ಎನ್ನುತ್ತಾರೆ. ನಾವು ರೋಮಾ ಜನ. ಅವರು ಕರೆಯುವ ಹೆಸರಿಗೆ ಉಗುಳಿನ ಶಬ್ದವಿದೆ; ಅದನ್ನು ಮೊದಲು ಉಚ್ಚರಿಸಿದವನ ಬಾಯಲ್ಲಿ ಏನಿತ್ತೋ ತಿಳಿಯದು.

ರೀಪಾದ ಗಂಡಸರಿಗೆ ಕಸಾಯಿಖಾನೆಯ ಗಲೀಜು ಗುಂಡಿ ಪಿತ್ರಾರ್ಜಿತ ಆಸ್ತಿ. ಕಾರ್ಖಾನೆ ಸರಕಾರದ್ದಾಗಿದ್ದಾಗ ಇಳಿದವನು ನಾನು. ಆಮೇಲೆ ದೊರೆಗಳು ಬದಲಾದರು, ಬಾವುಟದ ನಡುವಿನ ಲಾಂಛನವನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು, ಕಾರ್ಖಾನೆಯನ್ನು ಗೊಗು ಸ್ತಾಂಚು ಕೊಂಡ. ಗುಂಡಿಯನ್ನು ಯಾರೂ ಬದಲಿಸಲಿಲ್ಲ. ಅದರೊಳಗೆ ಇಳಿಯುವವರನ್ನೂ ಬದಲಿಸಲಿಲ್ಲ.

ಅಲ್ಲಿ ಕೆಲಸವೆಂದರೆ ಇಷ್ಟು. ಏಣಿಯಿಂದ ಇಳಿಯಬೇಕು. ಮೊಣಕಾಲಿನವರೆಗೆ ಹೆಪ್ಪುಗಟ್ಟಿದ ರಕ್ತ. ಅದರ ಮೇಲೆ ಕೊಬ್ಬಿನ ಕೆನೆ. ಹಂದಿಯ ಕೂದಲು ಪಂಪಿನ ಬಾಯಿಗೆ ಜಡೆಯಂತೆ ಹೆಣೆದುಕೊಂಡಿರುತ್ತದೆ. ಅದನ್ನು ಕೈಯಿಂದಲೇ ಬಿಡಿಸಬೇಕು. ಬಕೆಟ್ಟು ತುಂಬಿ ಹಗ್ಗಕ್ಕೆ ಕಟ್ಟಬೇಕು. ಮೇಲೆ ಎಳೆಯುವಾಗ ತುಳುಕಿದ್ದು ತಲೆಯ ಮೇಲೆ ಬೀಳುತ್ತದೆ. ಬಾಯಿ ತೆರೆಯಬಾರದು. ಉಸಿರನ್ನು ಕಡ ತಂದವನಂತೆ ಸ್ವಲ್ಪ ಸ್ವಲ್ಪವೇ ಖರ್ಚು ಮಾಡಬೇಕು. ಮನೆಗೆ ಬಂದು ಬೂದಿ ಹಚ್ಚಿ ತಿಕ್ಕಿದರೂ ವಾಸನೆ ಚರ್ಮದಿಂದ ಹೊರಡುವುದಿಲ್ಲ. ನನ್ನ ಹೆಂಡತಿ ಯೌವನವನ್ನೆಲ್ಲ ನನಗೆ ಬೆನ್ನು ತಿರುಗಿಸಿ ಮಲಗಿ ಕಳೆದಳು. ಆದರೂ ಮಕ್ಕಳಾದವು. ಅದು ಪ್ರೇಮ.

ವಿಷಗಾಳಿಗೆ ಮುಖಕವಚ ಇತ್ತು. ಮ್ಯಾನೇಜರನ ಕೋಣೆಯ ಕಪಾಟಿನಲ್ಲಿ, ಗಾಜಿನ ಹಿಂದೆ. ತಪಾಸಣೆಯವರು ಬಂದಾಗ ಅದರ ದರ್ಶನವಾಗುತ್ತಿತ್ತು.

ಕಳೆದ ವರ್ಷ ಬೇಸಿಗೆಯ ಉರಿಯಲ್ಲಿ ಪಂಪು ಕಟ್ಟಿಕೊಂಡಿತು. ಮೇಸ್ತ್ರಿ ರೊಮಿಕಾನನ್ನು ಕೂಗಿದ. ರೊಮಿಕಾ ಇಳಿದ. ಹಗ್ಗ ಅಲುಗಲಿಲ್ಲ. ಮೇಸ್ತ್ರಿ ಮೊದಲು ಗೊಗುವಿಗೆ ಫೋನು ಮಾಡಿದ. ಗೊಗು ವಕೀಲನಿಗೆ ಮಾಡಿದ. ವಕೀಲ ಪೊಲೀಸರಿಗೆ ಮಾಡಿದ. ಆಂಬುಲೆನ್ಸಿನ ಸರದಿ ಬರುವ ಹೊತ್ತಿಗೆ ಸಂಜೆಯಾಗಿತ್ತು.

ಸಾರ್ಜೆಂಟ್ ಮಿರೆಲ್ ವರದಿ ಬರೆದ. ಅದರ ಪ್ರಕಾರ ರೊಮಿಕಾ ಎಂಬ ಹೆಸರಿನ ಕೆಲಸಗಾರ ಆ ಕಾರ್ಖಾನೆಯಲ್ಲಿ ಎಂದೂ ಇರಲಿಲ್ಲ. ಪಂಪಿನ ತಾಮ್ರ ಕದಿಯಲು ಹೊರಗಿನಿಂದ ಬಂದ ಒಬ್ಬ ಕಳ್ಳ ಕಾಲು ಜಾರಿ ಸತ್ತಿದ್ದಾನೆ. ಮದುವೆಗೂ ಮುಂಚಿನಿಂದ ಆ ಗುಂಡಿಯಲ್ಲಿ ದುಡಿದವನು ಸತ್ತ ಮೇಲೆ ಕಳ್ಳನಾದ. ಅವನ ಮಕ್ಕಳಿಗೆ ಶಾಲೆಯಲ್ಲಿ ಹೊಸ ಹೆಸರು ಬಂತು: ತಾಮ್ರದ ಮರಿಗಳು.

ಆಗ ಬಂದವರು ಅಭಿಯೋಜಕಿ ಸ್ಮರಾಂದಾ ಇಯೊವನೆಸ್ಕು. ಆಕೆಯನ್ನು ದೇವತೆಯೆಂದು ಹೇಳಿ ಪಾಪ ಕಟ್ಟಿಕೊಳ್ಳಲಾರೆ. ಒಂದರ ತುದಿಯಿಂದ ಇನ್ನೊಂದಕ್ಕೆ ಬೆಂಕಿ ಹೊತ್ತಿಸಿ ಸಿಗರೇಟು ಸೇದುತ್ತಿದ್ದರು. ನಮ್ಮನ್ನು ಕಂಡರೆ ಪ್ರೀತಿಯೇನೂ ಇರಲಿಲ್ಲ. "ನೀವೆಲ್ಲಾ ಸುಳ್ಳು ಹೇಳ್ತೀರಿ, ಅವರೂ ಹೇಳ್ತಾರೆ. ಯಾರದ್ದು ಸಣ್ಣ ಸುಳ್ಳು ಅಂತ ನೋಡೋಕೆ ನನಗೆ ಸಂಬಳ," ಎಂದು ನನ್ನ ಮುಖಕ್ಕೇ ಹೇಳಿದರು. ಗುಂಡಿಯ ಬಳಿ ಹೋಗಿ ಬಗ್ಗಿ ನೋಡಿದರು. ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು ಮೇಸ್ತ್ರಿಯ ಕಡೆ ತಿರುಗಿದರು: "ಕಾರ್ಖಾನೆಯ ಬಕೆಟ್ಟು, ಕಾರ್ಖಾನೆಯ ಹಗ್ಗ, ಕಾರ್ಖಾನೆಯ ಬೂಟು. ಕಳ್ಳಂಗೆ ಇಷ್ಟೆಲ್ಲಾ ಕೊಟ್ಟು ಕಳ್ಸಿದ್ದು ಯಾರಯ್ಯಾ?"

ಆಮೇಲೆ ಗೊಗು ಸ್ತಾಂಚುವನ್ನು ವಿಚಾರಣೆಗೆ ಕರೆಸಿದರು. ಗೊಗು ಜಿಲ್ಲೆಯಲ್ಲಿ ಆಳುವ ಪಕ್ಷದ ಅಧ್ಯಕ್ಷ. ನ್ಯಾಯಮಂತ್ರಿ ಚಳಿಗಾಲದಲ್ಲಿ ಕಾಡುಹಂದಿಯ ಬೇಟೆಗೆ ಬಂದರೆ ಇಳಿದುಕೊಳ್ಳುವುದು ಅವನ ಬಂಗಲೆಯಲ್ಲಿ. ಅಂಥವನನ್ನು ಆಕೆ ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ಕಾಯಿಸಿದರು. ನಾವು ಕೂರುವ ಬೆಂಚು. ಸವೇತಾ ಪಕ್ಕದಲ್ಲೇ ಕೂತಿದ್ದಳು. "ಸ್ವಲ್ಪ ಆ ಕಡೆ ಸರ್ಕೊಳ್ಳಿ ಯಜಮಾನ್ರೆ, ನಿಮ್ ಬುಡ ದೊಡ್ದು, ಬೆಂಚು ಸರಕಾರದ್ದು," ಎಂದಳಂತೆ. ಗೊಗು ಸರಿದ.

ಆ ಸರಿಯುವಿಕೆಯೇ ಅಭಿಯೋಜಕಿಯ ಅಪರಾಧವಾಯಿತು.

ಮಂತ್ರಿಗಳು ಟೀವಿಯಲ್ಲಿ ಬಹಳ ದುಃಖದಿಂದ ಮಾತನಾಡಿದರು. ಅಭಿಯೋಜಕಿಯ ಪ್ರಾಮಾಣಿಕತೆಯ ಬಗ್ಗೆ ತಮಗೆ ಅಪಾರ ಗೌರವವಿದೆ. ಆದರೆ ಕಚೇರಿಯ ವಾತಾವರಣ ಕೆಟ್ಟಿದೆ. ಆಕೆ ಕಿರಿಯರೊಂದಿಗೆ ಏರುದನಿಯಲ್ಲಿ ಮಾತನಾಡುತ್ತಾರೆ. ಇದರಲ್ಲಿ ರಾಜಕೀಯ ಎಳ್ಳಷ್ಟೂ ಇಲ್ಲ. ಇಷ್ಟು ಹೇಳುವಾಗ ಅವರು ಕಣ್ಣು ಮಿಟುಕಿಸಲಿಲ್ಲ. ಬೇಟೆಗಾರರಿಗೆ ಆ ಅಭ್ಯಾಸವಿರುತ್ತದೆ.

ಝಂಬೀಲಾಳೂ ನಾನೂ ಕಚೇರಿಗೆ ಓಡಿದೆವು. ಅಭಿಯೋಜಕಿ ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದರು. ಬಾಯಲ್ಲಿ ಸಿಗರೇಟು. ಗೋಡೆಯ ಮೇಲೆ ಸೇದಬಾರದೆಂಬ ಫಲಕ.

"ಅಮ್ಮಾವ್ರೇ, ನೀವು ಹೋದ್ರೆ ನಮ್ ಗತಿ?" ಎಂದಳು ಝಂಬೀಲಾ.

"ನನ್ನ ಗತಿ ಏನು ಅಂತ ಯಾರೂ ಕೇಳ್ಲಿಲ್ಲ, ನೋಡು," ಎಂದು ಆಕೆ ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಕೇಳಿಲ್ಲಿ. ಹೊಸಬ ಬರ್ತಾನೆ. ಕೇಸು ಮುಚ್ಚೋಕೇ ಅವನನ್ನ ಕಳಿಸ್ತಿರೋದು. ಅವನೇ ಮುಚ್ಚಿದ್ರೆ ನೀನು ನ್ಯಾಯಾಧೀಶರ ಹತ್ರ ಹೋಗಬಹುದು. ಅದು ಅವರಿಗೆ ಬೇಡ. ಅದಕ್ಕೇ ನಿನ್ನ ಕೈಯಲ್ಲೇ ಬರೆಸ್ಕೋತಾರೆ, ನನ್ ಗಂಡ ಕದಿಯೋಕೇ ಇಳಿದಿದ್ದ, ನನಗೇನೂ ತಕರಾರಿಲ್ಲ ಅಂತ. ಸಹಿ ಹಾಕ್ಬೇಡ. ಹೊಡೀತಾರೆ ಅಂದ್ರೂ ಹಾಕ್ಬೇಡ."

"ಮಕ್ಕಳನ್ನ ಎತ್ಕೊಂಡ್ ಹೋಗ್ತೀವಿ ಅಂದ್ರೆ?"

ಅಭಿಯೋಜಕಿ ಖಾಲಿ ಡ್ರಾಯರನ್ನು ಮುಚ್ಚಿದರು. ಹೊಗೆ ಬಿಟ್ಟರು.

ಹೊಸಬನ ಹೆಸರು ಓವಿದಿಯು ದಾಂಕೆಸ್ಕು. ರಾಜಧಾನಿಯಿಂದ ಬಂದ. ರೊಮಿಕಾನ ವಯಸ್ಸು, ಅವನದೇ ಎತ್ತರ. ಅಷ್ಟಕ್ಕೆ ಹೋಲಿಕೆ ಮುಗಿಯಿತು. ಝಂಬೀಲಾಳನ್ನು ಕರೆಸಿ ಕುರ್ಚಿ ಕೊಟ್ಟ, ನೀರು ಕೊಟ್ಟ, ಕಾಗದ ಕೊಟ್ಟ. ಅಭಿಯೋಜಕಿ ಹೇಳಿದ್ದೇ ಅದರಲ್ಲಿತ್ತು. ಆತ ಬಹಳ ಮೆಲ್ಲಗೆ ಮಾತನಾಡಿದ: ಒಂಟಿ ಹೆಂಗಸು, ಪಟ್ಟಾ ಇಲ್ಲದ ಜಾಗದ ಮನೆ, ಎರಡು ಮಕ್ಕಳು, ಮಕ್ಕಳ ರಕ್ಷಣೆಯ ಇಲಾಖೆಯವರು ಇಂಥ ಮನೆಗಳ ಬಗ್ಗೆ ವಿಚಾರಿಸುತ್ತಿರುತ್ತಾರೆ, ವಿಷಯ ಬೇಗ ಮುಗಿದರೆ ಎಲ್ಲರಿಗೂ ನೆಮ್ಮದಿ. ಗುರುವಾರ ಬಂದು ಸಹಿ ಮಾಡಲು ಹೇಳಿದ.

ಅವಳು ಮನೆಗೆ ಬಂದು ಮಕ್ಕಳಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ನೋಡುತ್ತ ಕೂತಳು. ಸಹಿ ಹಾಕದಿದ್ದರೆ ಇವರು ಹೋಗುತ್ತಾರೆ. ಹಾಕಿದರೆ ಇವರು ಸಾಯುವವರೆಗೂ ಕಳ್ಳನ ಮಕ್ಕಳು. ಅದೂ ಹೆತ್ತ ತಾಯಿಯ ಕೈಬರಹದಲ್ಲಿ.

ಮೆರವಣಿಗೆ ಮಾಡೋಣವೆಂದು ನಾನೇ ಹೇಳಿದೆ. ಅದಕ್ಕೆ ಮೇಯರನ ಅಪ್ಪಣೆ ಬೇಕು. ಮನವಿಯನ್ನು ನಾನೇ ಬರೆದೆ. ಹಳೆಯ ಶಾಲೆಯಲ್ಲಿ ಬೆತ್ತದ ಕೆಳಗೆ ಕಲಿತ ಭಾಷೆ, ಪ್ರತಿ ವಾಕ್ಯವೂ ಇಸ್ತ್ರಿ ಮಾಡಿದಂತಿತ್ತು. ಮೇಯರನ ಕಾರ್ಯದರ್ಶಿ ಓದಿ ತಲೆದೂಗಿದ.

"ಭಾಷೆ ಬಹಳ ಚೆನ್ನಾಗಿದೆ ತಾತ. ಆದ್ರೆ ಗುರುವಾರ ಚೌಕದಲ್ಲಿ ಮಕ್ಕಳ ಸೈಕಲ್ ಓಟ ಇದೆ."

"ಶುಕ್ರವಾರ?"

"ಕುಂಬಳಕಾಯಿ ಪ್ರದರ್ಶನ."

"ಕುಂಬಳ ಇನ್ನೂ ಹೂವಲ್ಲಿದೆ, ಸ್ವಾಮಿ."

"ಅದಕ್ಕೇ ಜಾಗ ಕಾದಿರಿಸಿದೀವಿ. ಕಾಯಿ ಆಗೋವರೆಗೂ ಚೌಕ ಖಾಲಿ ಇಲ್ಲ."

ಸಂಜೆ ಝಂಬೀಲಾಳ ಅಂಗಳದಲ್ಲಿ ಸೇರಿದೆವು. ಬಯ್ಯುವುದಕ್ಕೆ ಸೇರಿದೆವು; ಬೇರೆ ಕಾರ್ಯಕ್ರಮವಿರಲಿಲ್ಲ. ಅದೇ ವಾರ ರೊಮಿಕಾನ ವರ್ಷದ ಪೊಮಾನಾ ಬರುತ್ತಿತ್ತು. ಸತ್ತವರ ಹೆಸರಿನಲ್ಲಿ ಊಟ ಬಡಿಸುವುದು, ಬಟ್ಟೆ ಕೊಡುವುದು ನಮ್ಮ ಸೀಮೆಯಲ್ಲಿ ಬಡವ ಬಲ್ಲಿದನೆನ್ನದೆ ಎಲ್ಲರೂ ಮಾಡುವ ಕೆಲಸ. ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿದ ಕೊಲೀವಾ ಇಲ್ಲದೆ ಸತ್ತವನಿಗೆ ಆ ಲೋಕದಲ್ಲಿ ತಟ್ಟೆ ಇಡುವುದಿಲ್ಲ.

"ಗುರುವಾರಾನೇ ಮಾಡ್ತೀನಿ," ಎಂದಳು ಝಂಬೀಲಾ. "ಪ್ರಾಸಿಕ್ಯೂಟರ್ ಕಚೇರಿ ಮೆಟ್ಟಿಲ ಮೇಲೆ."

ಸವೇತಾ ಚಪ್ಪಾಳೆ ತಟ್ಟಿದಳು.

"ಹುಚ್ಚು ಹಿಡೀತಾ? ಪೊಲೀಸ್ರು ಎಳ್ಕೊಂಡ್ ಹೋಗ್ತಾರೆ," ಎಂದೆ.

"ಪೊಮಾನಾಗೆ ಅಪ್ಪಣೆ ಕೇಳೋ ಮೇಯರ್ ಇನ್ನೂ ಹುಟ್ಟಿಲ್ಲ ಮಾವ. ಅದು ಮೆರವಣಿಗೆ ಅಲ್ಲ, ಊಟ."

"ನಮ್ ಕೈ ಊಟ ಮೇಲಿನೋರು ಮುಟ್ತಾರೇನು?"

ನಾನು ಹಾಗೆ ಕೇಳಿದ್ದು ಸುಮ್ಮನಲ್ಲ. ಸತ್ತವರ ಶನಿವಾರಗಳಲ್ಲಿ ನಾವು ಚೀಲ ಹಿಡಿದು ಚರ್ಚಿನ ಗೇಟಿನಲ್ಲಿ ಕೂರುತ್ತೇವೆ. ಊರಿನವರು ತಮ್ಮ ಸತ್ತವರ ಪಾಲನ್ನು ನಮ್ಮ ಚೀಲಕ್ಕೆ ಹಾಕುತ್ತಾರೆ. ನಾವು 'ಬೊಗ್ದಪ್ರೋಸ್ತೆ' ಎನ್ನುತ್ತೇವೆ, ದೇವರು ಸತ್ತವರನ್ನು ಮನ್ನಿಸಲಿ ಎಂದು. ತಲೆಮಾರುಗಳಿಂದ ಪೊಮಾನಾ ಮೇಲಿನಿಂದ ಕೆಳಗೆ ಹರಿದಿದೆ, ಚರಂಡಿಯ ಹಾಗೆ. ಕೆಳಗಿನಿಂದ ಮೇಲಕ್ಕೆ ಒಂದು ತುತ್ತೂ ಹೋಗಿಲ್ಲ.

"ಮುಟ್ಟದೇ ಇರೋಕಾಗಲ್ಲ," ಎಂದಳು ಅವಳು. "ಪೊಮಾನಾ ಬೇಡ ಅಂದ್ರೆ ಸತ್ತೋನ ಮುಖಕ್ಕೆ ಉಗುಳಿದ ಹಾಗೆ. ಅವರ ಧರ್ಮಾನೂ ಅದೇ ತಾನೇ? ಉಗುಳ್ತಾರಾ, ನೋಡೇಬಿಡೋಣ."

ಪಾದ್ರಿ ಇಲಾರಿಯೊನ್ ತಮಗೆ ನೆಗಡಿಯೆಂದು ಹೇಳಿ ಕಳಿಸಿದರು. ಚರ್ಚಿನ ಚಾವಣಿಗೆ ತಗಡು ಹೊದಿಸಿಕೊಟ್ಟವನು ಗೊಗು ಸ್ತಾಂಚು. ತಗಡಿನ ಕೆಳಗೆ ನಿಂತವರಿಗೆ ನೆಗಡಿ ಬೇಗ ಬರುತ್ತದೆ.

ಗುರುವಾರ ಬೆಳಿಗ್ಗೆ ನಾವು ಏರಿದೆವು. ಹೆಂಗಸರ ತಲೆಯ ಮೇಲೆ ಹಂಡೆಗಳು. ಎಲೆಕೋಸಿನಲ್ಲಿ ಅಕ್ಕಿ ಸುತ್ತಿ ಬೇಯಿಸಿದ ಸುರುಳಿಗಳು, ರೊಟ್ಟಿ, ಕೊಲೀವಾ, ಪ್ಲಮ್ ಸಾರಾಯಿ. ಮಾಂಸವಿರಲಿಲ್ಲ, ಊರಿನ ಮಾಂಸವೆಲ್ಲ ಒಬ್ಬನದೇ. ಯಾರದೋ ಮನೆಯ ಬಾಗಿಲನ್ನು ಕಿತ್ತು ತಂದು ಮೆಟ್ಟಿಲ ಮೇಲೆ ಮೇಜು ಮಾಡಿದೆವು. ಮೇಜಿನ ತಲೆಯ ಬದಿಗೆ ಒಂದು ಖಾಲಿ ಕುರ್ಚಿ. ಅದರ ಬೆನ್ನಿಗೆ ಹೊಸ ಬಟ್ಟೆ: ಷರ್ಟು, ಪ್ಯಾಂಟು, ಕೋಟು, ಟೋಪಿ.

ಮೊದಲು ಬಂದವನು ಸಾರ್ಜೆಂಟ್ ಮಿರೆಲ್, ಲಾಠಿ ಸಮೇತ.

"ಏನ್ರೋ ಇದು? ಎತ್ರಿ ಎಲ್ಲಾ! ಯಾರ್ ಕೊಟ್ರು ಪರ್ಮಿಷನ್ನು?"

ಝಂಬೀಲಾ ಒಂದು ತಟ್ಟೆ ತುಂಬಿದಳು. ಮೇಲೊಂದು ಮೇಣದ ಬತ್ತಿ ಹೊತ್ತಿಸಿದಳು. ಎರಡೂ ಕೈಯಲ್ಲಿ ಚಾಚಿದಳು. ಕೊಡುವಾಗ ಯಾರಿಗೆ ಸೇರಬೇಕೆಂದು ಹೇಳಿಯೇ ಕೊಡಬೇಕು. ಇಲ್ಲದಿದ್ದರೆ ತಟ್ಟೆ ಬೇರೆ ಸತ್ತವನಿಗೆ ಹೋಗುತ್ತದೆ. ಅವಳು ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಗೊಗು ಸ್ತಾಂಚು ಗುಂಡೀಲಿ ದುಡೀತಾ ಸತ್ತ ರೊಮಿಕಾ ಹೆಸರಲ್ಲಿ!"

ಸಾರ್ಜೆಂಟನ ಲಾಠಿ ಕಂಕುಳಿಗೆ ಹೋಯಿತು. ಟೋಪಿ ತಲೆಯಿಂದ ಇಳಿಯಿತು. ತಟ್ಟೆ ಕೈಗೆ ಬಂತು. ಇದಾವುದನ್ನೂ ಅವನು ಮಾಡಲಿಲ್ಲ. ಅವನ ಅಜ್ಜಿ ಚಿಕ್ಕಂದಿನಲ್ಲಿ ಕಲಿಸಿದ್ದು ತಾನಾಗಿ ಮಾಡಿತು.

"ಬೊಗ್ದಪ್ರೋಸ್ತೆ," ಎಂದ. ಹಾಗೆಂದ ಮೇಲೆ ಏನೆಂದೆನೆಂದು ಹೊಳೆದು ಸುತ್ತಲೂ ನೋಡಿದ.

"ಅರ್ಧ ಹೇಳಿದ್ರೆ ತಲುಪಲ್ಲ ಸಾರ್ಜೆಂಟ್ರೆ," ಎಂದಳು ಸವೇತಾ. "ಯಾರನ್ನ ಮನ್ನಿಸ್ಬೇಕು ದೇವರು? ನಿಮ್ಮನ್ನಾ?"

"ರೊಮಿಕಾನ್ನ," ಎಂದು ಗೊಣಗಿದ.

"ಯಾವ ರೊಮಿಕಾ? ಜಿಲ್ಲೇಲಿ ನೂರ್ ಜನ ಅವ್ರೆ."

ಬೀದಿ ನೋಡುತ್ತಿತ್ತು. ತಟ್ಟೆಯ ಮೇಲೆ ಬತ್ತಿ ಉರಿಯುತ್ತಿತ್ತು. ಸಾರ್ಜೆಂಟ್ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟ: "ಗೊಗು ಸ್ತಾಂಚು ಗುಂಡೀಲಿ ದುಡೀತಾ ಸತ್ತ ರೊಮಿಕಾನ್ನ ದೇವರು ಮನ್ನಿಸ್ಲಿ." ಹೇಳಿ ಗಬಗಬನೆ ತಿಂದ. ಸಾರಾಯಿಯ ಮೊದಲ ಹನಿಯನ್ನು ಸತ್ತವನಿಗೆಂದು ನೆಲಕ್ಕೆ ಚೆಲ್ಲಿದ. ಅದು ಅವನ ಬೂಟಿನ ಮೇಲೆಯೇ ಬಿತ್ತು.

ಆಮೇಲೆ ತಡೆಯಿರಲಿಲ್ಲ. ಟ್ಯಾಕ್ಸಿಯವರು ಬಂದರು. ಕಚೇರಿಯ ಟೈಪಿಸ್ಟರು ಬಂದರು. ನಮ್ಮ ಕೈಯ ನೀರನ್ನೂ ಮುಟ್ಟದ ಅಂಗಡಿಯ ಹೆಂಗಸರು ಬಂದರು. ಮೂಗು ಹಿಡಿದುಕೊಂಡು ಬಂದರು, ಎರಡನೆಯ ಸಲ ಬಡಿಸಿಕೊಂಡು ಹೋದರು. ಬೀದಿಯಲ್ಲಿ ಬಾಯಿತುಂಬ ಕೋಸು ತುಂಬಿಕೊಂಡು ಜನ ಆ ಒಂದೇ ವಾಕ್ಯವನ್ನು ಹೇಳುತ್ತಿದ್ದರು. ಪಾದ್ರಿ ಇಲಾರಿಯೊನರ ನೆಗಡಿಯೂ ಮಧ್ಯಾಹ್ನದ ಹೊತ್ತಿಗೆ ವಾಸಿಯಾಯಿತು. ಊರಿಗೆ ಊರೇ ಸೇರಿರುವಾಗ ಪಾದ್ರಿಯೊಬ್ಬರೇ ಇಲ್ಲದಿರುವುದು ಕೆಲಸಕ್ಕೆ ಕುತ್ತು ಎಂಬುದು ಅವರಿಗೆ ತಿಳಿಯದೆ?

ಮೇಲಿನಿಂದ ಜವಾನ ಬಂದ. "ಝಂಬೀಲಾ ಮೇಲೆ ಬರ್ಬೇಕಂತೆ. ಸಹಿಗೆ."

"ಬಡಿಸೋಳು ಪಂಕ್ತಿ ಬಿಟ್ಟು ಬರೋಕಾಗಲ್ಲಪ್ಪ. ಅವರೇ ಕೆಳಗೆ ಬರ್ಲಿ."

ಆತ ಬಂದ. ಕೈಯಲ್ಲಿ ಕಾಗದ. ಜನ ದಾರಿ ಬಿಟ್ಟರು. ಝಂಬೀಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕುರ್ಚಿಯ ಬೆನ್ನಿಗಿದ್ದ ಬಟ್ಟೆಗಳನ್ನು ಎತ್ತಿ ಅವನ ಮುಂದೆ ಹಿಡಿದಳು.

ಆ ಬಟ್ಟೆ ಸತ್ತವನ ವಯಸ್ಸಿನ, ಸತ್ತವನ ಅಳತೆಯ ಗಂಡಸಿಗೆ ಹೋಗಬೇಕು. ಅದನ್ನು ತೊಟ್ಟು ಅವನು ಸತ್ತವನ ಕುರ್ಚಿಯಲ್ಲಿ ಕೂತು ಉಣ್ಣಬೇಕು. ಊಟ ಮುಗಿಯುವವರೆಗೆ ಅವನೇ ಸತ್ತವನು. ಜನ ಅವನನ್ನು ಆ ಹೆಸರಿನಿಂದಲೇ ಕರೆಯುತ್ತಾರೆ, ಬಾಕಿಯುಳಿದ ಮಾತನ್ನು ಅವನಿಗೆ ಹೇಳುತ್ತಾರೆ. ಇದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು.

"ರೊಮಿಕಾ ಅಳತೇನೇ ಇದೀರ ಸಾಹೇಬ್ರೆ," ಎಂದಳು. "ಭುಜ ಒಂಚೂರು ಜೋತಿದೆ. ಪರ್ವಾಗಿಲ್ಲ, ಆಫೀಸಲ್ಲಿ ಹಾಗಾಗತ್ತೆ. ತೊಟ್ಕೊಳ್ಳಿ."

ಆತನ ಮುಖ ಗೋಧಿಹಿಟ್ಟಿನ ಬಣ್ಣಕ್ಕೆ ತಿರುಗಿತು. "ನಾನು ಕರ್ತವ್ಯದಲ್ಲಿದೀನಿ ಅಮ್ಮಾ. ಉಡುಗೊರೆ ತಗೊಳ್ಳೋ ಹಾಗಿಲ್ಲ."

"ಕೆಲಸಾನೇ ಉಡುಗೊರೆಯಾಗಿ ತಗೊಂಡ್ಯಲ್ಲ ಮಗಾ," ಎಂದಳು ಸವೇತಾ. "ಬಟ್ಟೆಗ್ಯಾಕೆ ನಾಚ್ಕೆ?"

ನಗು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದು ಬೀದಿಗೆ ಹೋಯಿತು. ಆತ ಬಟ್ಟೆಯನ್ನು ಮುಟ್ಟಲಿಲ್ಲ. ಕಾಗದ ಚಾಚಿದ. "ಸಹಿ ಹಾಕಿ. ಇಲ್ಲದಿದ್ರೆ ನಾಳೆ ಇಲಾಖೆಯವರು ನಿಮ್ಮ ಮನೆಗೆ ಬರ್ತಾರೆ. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ನಗು ನಿಂತಿತು. ಝಂಬೀಲಾಳ ಕಣ್ಣು ಮಕ್ಕಳ ಕಡೆ ಹೋಯಿತು. ಅವು ಮೇಜಿನ ಕೆಳಗೆ ಕೂತು ಅಕ್ರೋಟು ಆರಿಸಿ ತಿನ್ನುತ್ತಿದ್ದವು. ಅವಳು ಪೆನ್ನಿಗೆ ಕೈ ಚಾಚುತ್ತಾಳೆಂದು ನನಗನ್ನಿಸಿತು. ಅವಳು ಪ್ಯಾಂಟಿಗೆ ಕೈ ಚಾಚಿದಳು.

ಲಂಗದ ಮೇಲೆಯೇ ಪ್ಯಾಂಟು ಏರಿಸಿದಳು. ಲಂಗವನ್ನೆಲ್ಲ ಒಳಗೆ ತುರುಕಿದಳು. ಷರ್ಟು, ಅದರ ಮೇಲೆ ಕೋಟು. ಕೊನೆಗೆ ತಲೆವಸ್ತ್ರ ಬಿಚ್ಚಿ ಟೋಪಿ ಇಟ್ಟಳು.

ನಮ್ಮಲ್ಲಿ ಹಿರಿಯರ ಮುಂದೆ ಹೆಂಗಸು ತಲೆವಸ್ತ್ರ ಬಿಚ್ಚುವುದಿಲ್ಲ. ಗಂಡಸಿನ ಪ್ಯಾಂಟು ತೊಡುವುದು ಇರಲಿ, ನೆಲದ ಮೇಲೆ ಬಿದ್ದಿದ್ದರೆ ದಾಟುವುದೂ ಇಲ್ಲ. ನಮ್ಮ ಹೆಂಗಸರು ಮುಖ ಮುಚ್ಚಿಕೊಂಡರು. ಪಾದ್ರಿ ಶಿಲುಬೆ ಎತ್ತಿದರು: "ಇದು ನಿಷಿದ್ಧ! ಗಂಡಸಿನ ಬಟ್ಟೆ ಹೆಂಗಸು ತೊಟ್ಟರೆ ಪೊಮಾನಾ ಸಲ್ಲೋದಿಲ್ಲ!"

ಝಂಬೀಲಾ ನನ್ನನ್ನು ನೋಡಿದಳು. ಕೇರಿಗೆ ಹಿರಿಯ ನಾನು. ಸಲ್ಲುತ್ತದೋ ಇಲ್ಲವೋ ಹೇಳಬೇಕಾದವನು ನಾನು. ಸಂಪ್ರದಾಯದ ಒಂದು ನೂಲು ತಪ್ಪಿದರೂ ಮದುವೆಯನ್ನೇ ನಿಲ್ಲಿಸಿದವನೆಂಬ ಹೆಸರು ನನಗಿದೆ. ಆ ಹೆಸರಿನ ಬಗ್ಗೆ ಹೆಮ್ಮೆಯೂ ಇದೆ.

"ಸಲ್ಲತ್ತೆ," ಎಂದೆ. "ಗುಂಡಿಗೆ ಇಳಿಸೋವಾಗ ನೀವ್ಯಾರೂ ಶಾಸ್ತ್ರ ಕೇಳ್ಲಿಲ್ಲ. ಈಗ ನಾವೂ ಕೇಳಲ್ಲ. ಕೂತ್ಕೋ, ರೊಮಿಕಾ."

ಅವಳು ಕುರ್ಚಿಯಲ್ಲಿ ಕೂತಳು. ಕಾಲು ಅಗಲಿಸಿ ಕೂತಳು, ಅವನ ಹಾಗೆಯೇ.

"ಝಂಬೀಲಾ ಅವರೇ, ನಾಟಕ ಸಾಕು," ಎಂದ ಅಭಿಯೋಜಕ.

"ಝಂಬೀಲಾ ಇಲ್ಲ ಸಾಹೇಬ್ರೆ. ಹೊರಗ್ ಹೋಗವ್ಳೆ. ನಾನು ರೊಮಿಕಾ. ನನ್ ವಿಷ್ಯ ತಾನೇ? ನಂಗೇ ಓದಿ."

"ಓದಿ ಸಾಹೇಬ್ರೆ! ಅವನೇ ಬಂದವ್ನೆ!" ಎಂದು ಟ್ಯಾಕ್ಸಿಯವರು ಕೂಗಿದರು.

ಆತ ಓದಲು ಶುರುಮಾಡಿದ. ಓದಿದರೆ ಬೇಗ ಮುಗಿಯುತ್ತದೆಂದು ಭಾವಿಸಿರಬೇಕು. "'ಮೃತನು ಕಳ್ಳತನದ ಉದ್ದೇಶದಿಂದ...'" ಎಂಬಲ್ಲಿಗೆ ಕಣ್ಣೆತ್ತಿದ. ಮೃತನು ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ.

"ಏನ್ ಕದ್ದೆ ನಾನು?"

"ಪಂಪಿನ ತಾಮ್ರ."

"ಪಂಪು ಅಲ್ಲೇ ಐತೆ. ನಿನ್ನೇನೂ ಕಟ್ಕೊಂಡಿತ್ತಂತೆ. ಇನ್ನೇನಿತ್ತು ಅಲ್ಲಿ? ರಕ್ತ, ಕೂದಲು, ಕರುಳು. ಯಾವ್ದು ಕಮ್ಮಿಯಾಗೈತೆ? ಗೊಗು ಅಳತೆ ಮಾಡಿ ನೋಡಿದ್ನಾ?" ಅವಳು ಎದ್ದು ಪ್ಯಾಂಟಿನ ಜೇಬುಗಳನ್ನು ಹೊರಗೆಳೆದು ತೋರಿಸಿದಳು. "ನೋಡಿ. ಹುಡುಕಿ. ಕೈ ಹಾಕಿ."

"ಪೊಲೀಸ್ ವರದಿ ಇದೆ," ಎಂದ ಆತ. ಸ್ವರ ಸಣ್ಣದಾಗಿತ್ತು.

"ವರದಿ ಬರ್ದೋರು ಇಲ್ಲೇ ಅವ್ರೆ. ಸಾರ್ಜೆಂಟ್ರೆ, ನನ್ನ ಊಟ ಉಂಡ್ರಲ್ಲ, ಉಣ್ಣೋಕ್ ಮುಂಚೆ ಏನಂದ್ರಿ?"

ಮಿರೆಲನ ಮೀಸೆಗೆ ಇನ್ನೂ ಗೋಧಿ ಅಂಟಿತ್ತು. "ಅಂದೆ... ಊಟಕ್ಕೋಸ್ಕರ ಅಂದೆ."

"ಸುಳ್ಳು ಅಂದ್ರಾ? ಹೊತ್ತಿಸಿದ ಬತ್ತಿ ಮೇಲೆ? ಸತ್ತೋನ ತಟ್ಟೆ ಮೇಲೆ?"

ಸಾರ್ಜೆಂಟ್ ಅಭಿಯೋಜಕನನ್ನು ನೋಡಿದ. ಪಾದ್ರಿಯನ್ನು ನೋಡಿದ. ಖಾಲಿ ತಟ್ಟೆಯನ್ನು ನೋಡಿದ. ಅವನು ಧೈರ್ಯವಂತನಲ್ಲ. ಆದರೆ ಗೊಗುವಿಗಿಂತ ಹೆಚ್ಚು ಹೆದರುವುದು ಅಜ್ಜಿಗೆ ಎಂದು ಆ ಕ್ಷಣ ಅವನಿಗೇ ಗೊತ್ತಾಯಿತು.

"ಇಲ್ಲ," ಎಂದ. "ಸುಳ್ಳಲ್ಲ."

ಅಭಿಯೋಜಕ ಕಾಗದವನ್ನು ಮಡಿಸಿದ, ಬಿಡಿಸಿದ.

"ನಿಮಗೆ ಗೊತ್ತಾಗಲ್ಲ," ಎಂದ ಮೆಲ್ಲಗೆ. "ಇದನ್ನ ಮುಗಿಸದೇ ಹೋದ್ರೆ ನನ್ನೂ ತೆಗೆದುಹಾಕ್ತಾರೆ."

"ನಂಗೂ ಹಂಗೇ ಅನ್ಸಿತ್ತು," ಎಂದಳು ಅವಳು. "ಇಳೀದೇ ಹೋದ್ರೆ ತೆಗೆದುಹಾಕ್ತಾರೆ ಅಂತ. ಅದಕ್ಕೇ ಇಳಿದೆ."

ಆತ ಮೆಟ್ಟಿಲ ಮೇಲೆ ಕೂತ, ಪ್ಯಾಂಟಿಗೆ ಧೂಳಾಗುವಂತೆ ಕೂತ. ಕಾಗದವನ್ನು ಬೆನ್ನುಮೇಲಾಗಿ ತಿರುಗಿಸಿ ತೊಡೆಯ ಮೇಲಿಟ್ಟುಕೊಂಡ.

"ತಕರಾರು ಇದೆಯಾ?" ಎಂದು ಕೇಳಿದ.

"ಐತೆ."

"ಹೆಸರು?"

"ರೊಮಿಕಾ."

"ಉದ್ಯೋಗ?"

"ಗೊಗು ಸ್ತಾಂಚು ಕಾರ್ಖಾನೆ ಗುಂಡಿ ಬಳಿಯೋನು."

ಬರೆದ. ನಾನು ಅವನ ಭುಜದ ಮೇಲಿಂದ ನೋಡಿದೆ. ಅಕ್ಷರ ಕೆಟ್ಟದಾಗಿತ್ತು, ನಮ್ಮ ಮೇಷ್ಟ್ರಾಗಿದ್ದರೆ ಬೆತ್ತ ತೆಗೆಯುತ್ತಿದ್ದರು. ಸಾರ್ಜೆಂಟನ ಹೇಳಿಕೆಯನ್ನೂ ಅದರ ಕೆಳಗೆ ಬರೆದುಕೊಂಡ. ಮಿರೆಲ್ ಸಹಿ ಹಾಕಿದ. ಝಂಬೀಲಾ ಟೋಪಿ ತೆಗೆದು, ತಲೆವಸ್ತ್ರ ಕಟ್ಟಿಕೊಂಡು, ತನ್ನ ಹೆಸರಿನಲ್ಲಿ ಸಹಿ ಹಾಕಿದಳು. ಟೈಪಿಸ್ಟರಲ್ಲೊಬ್ಬಳು ಮೇಲೆ ಓಡಿಹೋಗಿ ಮುದ್ರೆಯನ್ನೇ ತಂದಳು. ಆತ ಮುದ್ರೆ ಒತ್ತುವಾಗ ಝಂಬೀಲಾ ಒಂದು ತಟ್ಟೆ ಪಕ್ಕದಲ್ಲಿಟ್ಟಳು. ಆತ ಏನೂ ಹೇಳದೆ ತಿಂದ. ಹೇಳಬೇಕಾದ್ದನ್ನು ಬರೆದಾಗಿತ್ತು.

ಇಲಾಖೆಯವರು ಮರುದಿನ ಬರಲಿಲ್ಲ. ಸಾಕ್ಷಿ ಹೇಳಿ ಇಡೀ ಊರಿನ ಬಾಯಿಗೆ ಬಿದ್ದವಳ ಮಕ್ಕಳನ್ನು ಅದೇ ವಾರ ಎತ್ತಿಕೊಂಡು ಹೋಗುವಷ್ಟು ಮಬ್ಬರು ಅವರಲ್ಲ. ಗೊಗು ಸ್ತಾಂಚುವಿಗೆ ಮತ್ತೆ ಕರೆ ಹೋಯಿತು.

ಅದಾದ ಕೆಲವು ದಿನಗಳಿಗೆ ಮಂತ್ರಿಗಳು ಟೀವಿಯಲ್ಲಿ ಮತ್ತೆ ದುಃಖಪಟ್ಟರು. ಓವಿದಿಯು ದಾಂಕೆಸ್ಕು ಅವರ ಪ್ರಾಮಾಣಿಕತೆಯ ಬಗ್ಗೆ ತಮಗೆ ಅಪಾರ ಗೌರವವಿದೆ. ಆದರೆ ಅವರು ಸಾರ್ವಜನಿಕ ಸ್ಥಳದಲ್ಲಿ ಕಚೇರಿಯ ಘನತೆಗೆ ತಕ್ಕಂತೆ ಕೂರಲಿಲ್ಲ.

ಮಿರೆಲ್ ಸುದ್ದಿ ಹೇಳಲು ರೀಪಾಕ್ಕೆ ಇಳಿದು ಬಂದ. ಚುನಾವಣೆಯೂ ಸಾಸೇಜೂ ಇಲ್ಲದ ಕಾಲದಲ್ಲಿ ಊರಿನಿಂದ ಇಳಿದು ಬಂದ ಮೊದಲನೆಯ ಮನುಷ್ಯ. ಝಂಬೀಲಾ ಅಂಗಳದಲ್ಲಿ ಆ ಪೊಮಾನಾ ಕೋಟಿನ ತೋಳು ಹೊಲಿಯುತ್ತಿದ್ದಳು.

"ಮತ್ತೊಬ್ರು ಬರ್ತಾರಂತಮ್ಮ, ಸೋಮವಾರ," ಎಂದ. "ಆ ಕಾಗದ ರದ್ದು ಮಾಡೋಕೆ."

ಅವಳು ಹಲ್ಲಿನಿಂದ ದಾರ ಕಡಿದಳು.

"ಎಷ್ಟ್ ಎತ್ತರ ಅವ್ನೆ, ನೋಡ್ಕೊಂಡ್ ಬಾ."